ಜೆಸಿಬಿ ಬರುವ ಮುನ್ನ ನೋಡಿ: ಕೊಡಗಿನ ಕಾಡುರಸ್ತೆಯ ಮೋರಿ ಏಕೆ ಕೊಚ್ಚಿಹೋಗುತ್ತದೆ

ಆಶ್ಲೇಷ ಮಳೆಯಲ್ಲಿ ರಾತ್ರಿ ಮೋರಿ ಕೊಚ್ಚಿಹೋದರೆ ಬೆಳಿಗ್ಗೆ ಹತ್ತು ಗಂಟೆಗೆ ಜೆಸಿಬಿ ಬಂದು ನಿಂತಿರುತ್ತದೆ. ಸಂಜೆಯೊಳಗೆ ಹಳೆಯ ಪೈಪು ಮೇಲೆ ಬಂದು, ಹೊಸದು ಕೆಳಗಿಳಿದು, ಮಣ್ಣು ಮುಚ್ಚಿ, ಜೀಪು ದಾಟಿಯೂ ಆಗಿರುತ್ತದೆ. ಕಾರಣ ಕೇಳಿದರೆ ಎಲ್ಲರದೂ ಒಂದೇ ಉತ್ತರ: ‘ನೀರು ಜಾಸ್ತಿ ಬಂತು.’ ಮುಂದಿನ ವರ್ಷ ಅದೇ ನಕ್ಷತ್ರದಲ್ಲಿ ಅದೇ ಮೋರಿ ಮತ್ತೆ ಹೋಗುತ್ತದೆ.

ನೀರು ಜಾಸ್ತಿ ಬಂದದ್ದು ನಿಜವೇ ಇರಬಹುದು. ಆದರೆ ಕಾಡುರಸ್ತೆ, ತೋಟದ ರಸ್ತೆಗಳಲ್ಲಿ ನಾನು ಬಗೆದು ನೋಡಿದ ಮೋರಿಗಳಲ್ಲಿ ಹೆಚ್ಚಿನವು ನೀರಿಗೆ ಸೋತವಲ್ಲ. ನೀರಿನೊಡನೆ ಬಂದ ಕೊಂಬೆಗೆ, ಕಲ್ಲಿಗೆ, ತರಗೆಲೆಗೆ, ಇಲ್ಲವೇ ತಮ್ಮದೇ ಏರಿಯೊಳಗಿನ ಟೊಳ್ಳಿಗೆ ಸೋತವು. ಯಾವುದಕ್ಕೆ ಸೋತಿತು ಎಂಬುದರ ಸಾಕ್ಷಿ ಆ ಜಾಗದಲ್ಲೇ ಬಿದ್ದಿರುತ್ತದೆ. ಜೆಸಿಬಿಯ ಮೊದಲ ಬಕೆಟ್ ಎತ್ತಿ ಬಿಸಾಡುವುದು ಆ ಸಾಕ್ಷಿಯನ್ನೇ. ಆದ್ದರಿಂದ ಚಾಲಕನಿಗೆ ಒಂದು ಲೋಟ ಕಾಫಿ ಕೊಟ್ಟು ಕೂರಿಸಿ, ಮೊದಲು ನೀವು ಇಳಿದು ನೋಡಿ.

ಇಲ್ಲಿ ಮೋರಿ ಎಂದರೆ ತೊರೆಯ ನೀರನ್ನು ರಸ್ತೆಯ ಅಡಿಯಿಂದ ದಾಟಿಸುವ ಪೈಪು ಅಥವಾ ಕಿಂಡಿ, ಮೇಲ್ಬಾಯಿ ಎಂದರೆ ನೀರು ಅದಕ್ಕೆ ಹೊಗುವ ಬದಿ, ಕೆಳಬಾಯಿ ಎಂದರೆ ಹೊರಬೀಳುವ ಬದಿ, ಏರಿ ಎಂದರೆ ಪೈಪಿನ ಸುತ್ತ ಮತ್ತು ಮೇಲೆ ತುಂಬಿದ ಮಣ್ಣು. ತೋಡು, ಕೊಲ್ಲಿ ಎಂದು ನಾವು ಕರೆಯುವ ಸಣ್ಣ ತೊರೆಗಳಿಗೆ ಮಾತ್ರ ಈ ಮಾತು ಹೊಂದುತ್ತದೆ. ಹೊಳೆಗೆ ಸೇತುವೆ ಬೇಕು, ಅದಕ್ಕೆ ಎಂಜಿನಿಯರರ ಲೆಕ್ಕ ಬೇಕು.

ಮೊದಲ ಅರ್ಧ ಗಂಟೆ

ಕೈಯಲ್ಲಿ ಒಂದು ಟೇಪು, ಒಂದು ಹಾರೆ, ಒಂದು ಕತ್ತಿ, ಚಿತ್ರ ತೆಗೆಯಲು ಮೊಬೈಲ್ ಇದ್ದರೆ ಸಾಕು. ನೀರು ಇನ್ನೂ ಏರಿಯ ಮೇಲೆ ಹರಿಯುತ್ತಿದ್ದರೆ ಇಳಿಯಬೇಡಿ. ನೀರು ಇಳಿದ ಮೇಲೂ ರಸ್ತೆಯ ಅಂಚಿಗೆ ಹೋಗುವ ಮುನ್ನ ಹಾರೆಯಿಂದ ಕುಟ್ಟಿ ನೋಡಿ. ಮೇಲೆ ಗಟ್ಟಿಯಾಗಿ ಕಾಣುವ ನೆಲದ ಕೆಳಗೆ ಆಳುದ್ದ ಟೊಳ್ಳಿರಬಹುದು. ಟೊಳ್ಳಿನ ಸದ್ದು ಬೇರೆ, ಒಮ್ಮೆ ಕೇಳಿದರೆ ಕಿವಿ ಮರೆಯುವುದಿಲ್ಲ.

ಮೊದಲು ಮೇಲ್ಬಾಯಿಯಿಂದ ಐವತ್ತು ಹೆಜ್ಜೆ ಮೇಲಕ್ಕೆ, ಆಮೇಲೆ ಕೆಳಬಾಯಿಯಿಂದ ಐವತ್ತು ಹೆಜ್ಜೆ ಕೆಳಕ್ಕೆ ನಡೆಯಿರಿ. ದಂಡೆಯ ಗಿಡಗಳಲ್ಲಿ ಸಿಕ್ಕಿಕೊಂಡ ತರಗೆಲೆಯ ಗೆರೆ ಎಷ್ಟು ಎತ್ತರದಲ್ಲಿದೆ ಎಂದು ಅಳೆಯಿರಿ. ಆ ಗೆರೆಯೇ ನೆರೆಯ ಸಹಿ. ಮೋರಿಯ ಹತ್ತಿರ ಬಂದಂತೆ ಅದು ತೊರೆಯ ಇಳಿಜಾರಿನ ಜೊತೆ ಇಳಿಯದೆ ಕೆರೆಯ ನೀರಿನಂತೆ ಮಟ್ಟಸವಾಗಿ ನಿಂತಿದ್ದರೆ, ನೀರು ಅಲ್ಲಿ ಕಟ್ಟಿಕೊಂಡು ಕೊಳವಾಗಿತ್ತು ಎಂದೇ ಅರ್ಥ. ಗೆರೆ ಮೋರಿಯವರೆಗೂ ಇಳಿಜಾರಾಗಿಯೇ ಬಂದಿದ್ದರೆ ನೀರು ಸಲೀಸಾಗಿ ಒಳಹೊಕ್ಕಿದೆ, ತಪ್ಪು ಬೇರೆ ಕಡೆ ಇದೆ. ಈ ಒಂದು ಗೆರೆಯಿಂದಲೇ ಅರ್ಧ ರೋಗ ಗೊತ್ತಾಗುತ್ತದೆ. ಎರಡು ಮಳೆ ಬಿದ್ದರೆ ಗೆರೆ ಅಳಿಸಿಹೋಗುತ್ತದೆ; ಅಂದೇ ಚಿತ್ರ ತೆಗೆದಿಡಿ.

ಬಂದದ್ದು ನೀರೋ, ಗುಡ್ಡವೋ?

2018ರ ಆಗಸ್ಟ್‌ನಲ್ಲಿ ಮುಕ್ಕೋಡ್ಲು, ಕಾಲೂರು, ಹೆಬ್ಬೆಟ್ಟಗೇರಿ, ಜೋಡುಪಾಲದ ಕಡೆ ಗುಡ್ಡಗಳೇ ಕೆಸರಾಗಿ ಕೊಲ್ಲಿಗಳಲ್ಲಿ ಇಳಿದು ಬಂದವು. ಅಂಥ ಹರಿವಿನ ಮುಂದೆ ಯಾವ ಪೈಪೂ ನಿಲ್ಲುವುದಿಲ್ಲ, ಅಲ್ಲಿ ಪೈಪಿನ ಗಾತ್ರ ಚರ್ಚಿಸಿ ಫಲವಿಲ್ಲ. ಇವೆರಡನ್ನು ಬೇರೆ ಮಾಡಿ ಗುರುತಿಸುವುದು ಕಷ್ಟವೇನಲ್ಲ. ನೀರು ಹೊತ್ತು ತಂದ ಸರಕು ತೂಕಕ್ಕೆ ತಕ್ಕಂತೆ ಬೇರ್ಪಟ್ಟು ಬಿದ್ದಿರುತ್ತದೆ: ಒಂದೆಡೆ ಕಲ್ಲು, ಇನ್ನೊಂದೆಡೆ ಮರಳು, ತಗ್ಗಿನಲ್ಲಿ ನುಣ್ಣನೆಯ ಹೂಳು. ಗುಡ್ಡ ಕರಗಿ ಬಂದಿದ್ದರೆ ಬಂಡೆ, ಜೇಡಿ, ಬೇರು, ಮರದ ಕಾಂಡ ಎಲ್ಲವೂ ಕಲಸಿದಂತೆ ಒಂದೇ ರಾಶಿ. ದಂಡೆಯ ಮರಗಳ ತೊಗಟೆ ಎತ್ತರದವರೆಗೆ ಸುಲಿದಿರುತ್ತದೆ, ಕೆಸರು ಬಳಿದಿರುತ್ತದೆ. ಎರಡನೆಯದು ಕಂಡರೆ ಮೋರಿಯ ಕೆಲಸ ನಿಲ್ಲಿಸಿ ಮೇಲೆ ಹೋಗಿ ಗುಡ್ಡ ನೋಡಿ. ನೆಲ ಬಿರುಕು ಬಿಟ್ಟಿದೆಯೇ, ಮರಗಳು ವಾಲಿವೆಯೇ, ಹೊಸ ಒರತೆ ಎದ್ದಿದೆಯೇ ನೋಡಿ. ಒಂದಾದರೂ ಕಂಡರೆ ಕೆಳಗೆ ಮನೆಯಿರುವವರಿಗೆ ಮೊದಲು ತಿಳಿಸಿ. ರಸ್ತೆಯ ವಿಚಾರ ಆಮೇಲೆ.

ಮೇಲ್ಬಾಯಿ ಕಟ್ಟಿಕೊಂಡಿದ್ದರೆ

ಕಾಡಿನಲ್ಲಿ ಇದೇ ಅತಿ ಸಾಮಾನ್ಯ ರೋಗ. ಒಂದು ಕೊಂಬೆ ಅಡ್ಡ ಬಂದು ಸಿಕ್ಕಿಕೊಳ್ಳುತ್ತದೆ. ಅದಕ್ಕೆ ಬಿದಿರಿನ ಸೀಳು ತಾಗುತ್ತದೆ, ಅದರ ಮೇಲೆ ತರಗೆಲೆ ಚಾಪೆಯಂತೆ ಅಂಟುತ್ತದೆ, ಚಾಪೆಯ ಹಿಂದೆ ಮರಳು ನಿಲ್ಲುತ್ತದೆ. ರಾಶಿಯನ್ನು ಒಟ್ಟಿಗೆ ಎಳೆದು ಹಾಕದೆ ಪದರ ಪದರವಾಗಿ ಬಿಡಿಸಿ ನೋಡಿ. ಮೊದಲು ಸಿಕ್ಕಿಕೊಂಡದ್ದು ಯಾವುದೋ ಅದೇ ಕಾರಣ, ಉಳಿದದ್ದೆಲ್ಲ ಅದರ ಹಿಂದೆ ಬಂದದ್ದು. ಆ ಮೊದಲ ಕೊಂಬೆಯ ಉದ್ದ ಅಳೆಯಿರಿ. ಪೈಪಿನ ಅಗಲಕ್ಕಿಂತ ಅದು ಸ್ವಲ್ಪವೇ ಉದ್ದವಿದ್ದರೆ ಪೈಪು ಚಿಕ್ಕದು. ತೊರೆಯ ಅಗಲಕ್ಕಿಂತಲೂ ಉದ್ದವಿದ್ದರೆ ಅದು ದೂರದಿಂದ ತೇಲಿ ಬಂದದ್ದಲ್ಲ, ಹತ್ತಿರದಲ್ಲೇ ಬಿದ್ದದ್ದು ಅಥವಾ ಯಾರೋ ಕಡಿದು ತೊರೆಗೆ ತಳ್ಳಿದ್ದು. ಮರ ಸವರಿದ ಕೊಂಬೆಗಳನ್ನು ‘ಮಳೆಗೆ ಹೋಗುತ್ತದೆ’ ಎಂದು ತೋಡಿಗೆ ಹಾಕುವ ಅಭ್ಯಾಸ ತೋಟಗಳಲ್ಲಿದೆ. ಅವು ಹೋಗುವುದು ಮೋರಿಯವರೆಗೆ ಮಾತ್ರ.

ಇಲ್ಲಿ ಮಾಡುವ ತಪ್ಪು ಚಿಕಿತ್ಸೆ ಎಂದರೆ ಬಾಯಿಗೆ ಕಬ್ಬಿಣದ ಸರಳುಗಳ ಜಾಲರಿ ಹಾಕುವುದು. ಜಾಲರಿ ಕೊಂಬೆಯನ್ನು ತಡೆಯುತ್ತದೆ, ಹಾಗೆಯೇ ಎಲೆಯನ್ನೂ ತಡೆದು ಪೈಪಿಗಿಂತ ಬೇಗ ಕಟ್ಟಿಕೊಳ್ಳುತ್ತದೆ. ರಾತ್ರಿ ಎರಡು ಗಂಟೆಗೆ ಕಾಡಿನೊಳಗೆ ಅದನ್ನು ಬಿಡಿಸುವವರು ಯಾರು? ಅದರ ಬದಲು ಬಾಯಿಯಿಂದ ಒಂದೂವರೆ ಮೀಟರ್ ಮೇಲೆ, ನಡು ತೊರೆಯಲ್ಲಿ ಒಂದೇ ಒಂದು ಗಟ್ಟಿ ಕಂಬ ಹುಗಿದರೆ ಅಡ್ಡ ಬರುವ ಕೊಂಬೆ ಅದಕ್ಕೆ ತಾಗಿ ತಿರುಗಿ ಉದ್ದುದ್ದವಾಗಿ ಒಳಹೋಗುತ್ತದೆ. ಹಾಗಂತ ತೊರೆಯಲ್ಲಿರುವ ಮರವನ್ನೆಲ್ಲ ಎಳೆದು ತೆಗೆಯಬೇಡಿ. ಹಲವು ವರ್ಷಗಳಿಂದ ದಂಡೆಗೆ ಬೇರೂರಿದಂತೆ ಮಲಗಿದ ಕಾಂಡ ಕಲ್ಲನ್ನೂ ಮರಳನ್ನೂ ಹಿಡಿದಿಟ್ಟಿರುತ್ತದೆ. ಅದನ್ನು ಕಿತ್ತರೆ ಅದರ ಹಿಂದಿನ ಸರಕೆಲ್ಲ ಮುಂದಿನ ಮಳೆಗೆ ನಿಮ್ಮ ಮೋರಿಗೇ ಬರುತ್ತದೆ. ಸಡಿಲವಾಗಿ ಬಿದ್ದ ಕೊಂಬೆಗಳನ್ನು ಮಾತ್ರ ಪೈಪಿನ ಅಗಲದ ಅರ್ಧಕ್ಕಿಂತ ಚಿಕ್ಕ ತುಂಡು ಮಾಡಿ.

ತೊರೆ ಮೋರಿಗೆ ನೇರವಾಗಿ ಬರುತ್ತಿದೆಯೇ ಎಂಬುದನ್ನೂ ಇಲ್ಲೇ ನೋಡಬೇಕು. ರಸ್ತೆಗೆ ಅನುಕೂಲವಾಗಲೆಂದು ಪೈಪನ್ನು ತೊರೆಗೆ ಓರೆಯಾಗಿ ಕೂರಿಸಿದ್ದರೆ ನೀರು ಬಾಯಿಯ ಮುಂದೆ ತಿರುವು ತೆಗೆದುಕೊಳ್ಳುತ್ತದೆ. ತಿರುವಿನ ಒಳಮಗ್ಗುಲಲ್ಲಿ ಮರಳು ನಿಲ್ಲುತ್ತದೆ, ಹೊರಮಗ್ಗುಲಲ್ಲಿ ರೆಕ್ಕೆಗೋಡೆಯ (ಬಾಯಿಯ ಪಕ್ಕ ಓರೆಯಾಗಿ ಚಾಚಿದ ಗೋಡೆ) ಬುಡ ಕೊರೆಯುತ್ತದೆ. ಒಂದು ಬದಿಯ ಗೋಡೆ ಮಾತ್ರ ಬಿದ್ದಿದ್ದರೆ ಬಹುಪಾಲು ಇದೇ ಕಾರಣ.

ನೀರು ರಸ್ತೆ ಹಿಡಿದು ಇಳಿದಿದ್ದರೆ

ನನ್ನ ಮಟ್ಟಿಗೆ ಎಲ್ಲಕ್ಕಿಂತ ಕೆಟ್ಟ ದೋಷ ಇದು, ಎಲ್ಲಕ್ಕಿಂತ ಕಡಿಮೆ ಖರ್ಚಿನಲ್ಲಿ ಸರಿಹೋಗುವುದೂ ಇದೇ. ಏರುರಸ್ತೆಯಲ್ಲಿ ಮೋರಿ ಕಟ್ಟಿಕೊಂಡಾಗ ನೀರು ರಸ್ತೆಯನ್ನು ಅಡ್ಡ ದಾಟಿ ತನ್ನ ತೊರೆಗೇ ಬೀಳಬೇಕು. ಆದರೆ ರಸ್ತೆ ಒಂದೇ ಸಮನೆ ಇಳಿಜಾರಾಗಿದ್ದರೆ ನೀರು ಚಕ್ರದ ಜಾಡು ಹಿಡಿದು ಇನ್ನೂರು ಮುನ್ನೂರು ಮೀಟರ್ ಇಳಿದು, ಎಂದೂ ತೊರೆಯಿರದ ಜಾಗದಲ್ಲಿ ಗುಡ್ಡದ ಕೆಳಕ್ಕೆ ಧುಮುಕುತ್ತದೆ. ಅಲ್ಲಿ ಒಂದೇ ರಾತ್ರಿಯಲ್ಲಿ ಹೊಸ ಕೊರಕಲು ಬೀಳುತ್ತದೆ. ಕೆಳಗಿನ ತೋಟದವರು ಗುಡ್ಡ ಕುಸಿಯಿತು ಎನ್ನುತ್ತಾರೆ. ಹೋಗಿ ನೋಡಿದರೆ ಕುಸಿತದ ತಲೆ ರಸ್ತೆಯ ಅಂಚಿನಲ್ಲಿರುತ್ತದೆ, ಅಲ್ಲಿಂದ ಮೇಲಕ್ಕೆ ರಸ್ತೆಯಲ್ಲೇ ಕೊರಕಲು ಕಾಣುತ್ತದೆ. ಅದನ್ನು ಹಿಡಿದು ಹತ್ತಿದರೆ ಎಲ್ಲೋ ಮೇಲೆ ಬಾಯಿ ಮುಚ್ಚಿಕೊಂಡ ಒಂದು ಚಿಕ್ಕ ಪೈಪು ಸಿಗುತ್ತದೆ. ಮೋರಿಗೆ ಏನೂ ಆಗಿರುವುದಿಲ್ಲ, ಆದ್ದರಿಂದಲೇ ಅದರ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ಪರೀಕ್ಷೆ ಸುಲಭ. ಬೇಸಿಗೆಯಲ್ಲೇ ಪ್ರತಿ ಮೋರಿಯ ಮೇಲೂ ನಿಂತು ಎರಡೂ ಕಡೆ ರಸ್ತೆ ನೋಡಿ. ಎರಡೂ ಕಡೆಗೆ ಏರುತ್ತಿದ್ದರೆ ನಿರಾಳ. ಒಂದು ಕಡೆ ಇಳಿಯುತ್ತಿದ್ದರೆ ಕಟ್ಟಿಕೊಂಡ ದಿನ ನೀರು ಆ ಕಡೆಗೇ ಹೋಗುತ್ತದೆ. ಅಂಥಲ್ಲಿ ಮೋರಿಯಿಂದ ನಾಲ್ಕೈದು ಮೀಟರ್ ಇಳಿಜಾರಿನ ಕಡೆಗೆ ರಸ್ತೆಗೆ ಅಡ್ಡಲಾಗಿ ಅಗಲವಾದ ಒಂದು ತಗ್ಗು ತೆಗೆದು, ಕಾಡುಗಲ್ಲು ಹಾಸಿ, ಅದರ ಕೆಳತುದಿ ತೊರೆಗೇ ಸೇರುವಂತೆ ಮಾಡಿ. ಜೀಪು, ಟಿಪ್ಪರ್ ನಿಧಾನವಾಗಿ ಇಳಿದು ಹತ್ತುವಷ್ಟು ಉದ್ದ ಇಳಿಜಾರಿರಲಿ, ಇಲ್ಲದಿದ್ದರೆ ಯಾರಾದರೂ ಮಣ್ಣು ತುಂಬಿ ಸಮ ಮಾಡುತ್ತಾರೆ. ಮೋರಿ ಎಂದಾದರೂ ಕಟ್ಟಿಕೊಂಡೇ ಕಟ್ಟಿಕೊಳ್ಳುತ್ತದೆ ಎಂದು ಒಪ್ಪಿಕೊಂಡು ಮಾಡುವ ಕೆಲಸ ಇದು.

ರಸ್ತೆಬದಿಯ ಚರಂಡಿಯನ್ನೂ ಇದರ ಜೊತೆಗೇ ನೋಡಿ. ಅರ್ಧ ಕಿಲೋಮೀಟರ್ ಉದ್ದದ ಚರಂಡಿಯ ಕೆಂಪು ನೀರೆಲ್ಲ ಒಂದೇ ಮೋರಿಗೆ ಬರುತ್ತಿದ್ದರೆ ತೊರೆಯ ಪಾಲಿನ ಜೊತೆ ರಸ್ತೆಯ ಪಾಲನ್ನೂ ಆ ಪೈಪು ಹೊರಬೇಕು. ಮೋರಿಗೆ ಬರುವ ಮುನ್ನವೇ ಅಲ್ಲಲ್ಲಿ ಅಡ್ಡ ಚರಂಡಿ ಕೊಟ್ಟು ಆ ನೀರನ್ನು ಕಾಡಿನ ತರಗೆಲೆಯ ಮೇಲೆ ಹರಡಿಬಿಡಿ. ನೀರು ಅಲ್ಲೇ ಇಂಗುತ್ತದೆ, ಮಣ್ಣು ಅಲ್ಲೇ ನಿಲ್ಲುತ್ತದೆ, ತೊರೆ ತಿಳಿಯಾಗಿ ಉಳಿಯುತ್ತದೆ.

ಬಾಯಿ ತೆರೆದೇ ಇದೆ, ಏರಿ ಮಾತ್ರ ಕುಸಿದಿದೆ

ಗಾಳಿಬೀಡಿನ ಕಡೆಯ ಒಂದು ಕಾಡುರಸ್ತೆಯಲ್ಲಿ ಒಂದೇ ಮೋರಿ ಮೂರು ಮಳೆಗಾಲದಲ್ಲಿ ಎರಡು ಸಲ ಹೋಗಿತ್ತು. ಎರಡನೆಯ ಸಲ ನಾನು ಹೋದಾಗ ಅಲ್ಲಿನ ವಾಚರ್ ಮೊದಲೇ ಬಂದು ನಿಂತಿದ್ದರು. ‘ಈ ಸಲ ನೀರು ರಸ್ತೆಗೆ ಹತ್ತಲೇ ಇಲ್ಲ ಸಾರ್. ಸಂಜೆ ನೋಡುವಾಗ ಪೈಪಿನಲ್ಲಿ ಅರ್ಧ ನೀರಿತ್ತು. ಬೆಳಿಗ್ಗೆ ನಡುವಿನ ಮಣ್ಣೇ ಇಲ್ಲ’ ಎಂದರು. ದಂಡೆಯ ತರಗೆಲೆಯ ಗೆರೆ ಅವರ ಮಾತಿಗೆ ಸಾಕ್ಷಿಯಾಗಿತ್ತು: ಪೈಪಿನ ನೆತ್ತಿಗಿಂತ ಒಂದು ಗೇಣು ಕೆಳಗೆ.

ಕುಸಿದ ಏರಿಯ ಗೋಡೆಯನ್ನು ಗುದ್ದಲಿಯಿಂದ ಸವರಿದೆವು. ಪೈಪಿನ ಪಕ್ಕದಲ್ಲಿ, ಮೊಣಕಾಲಿನ ಎತ್ತರದಲ್ಲಿ ಒಂದು ಮರದ ಬೊಡ್ಡೆ ಹೊರಗೆ ಬಂತು. ಬೆರಳಿಟ್ಟರೆ ಒಳಗೆ ಹೋಗುವಷ್ಟು ಲಡ್ಡಾಗಿತ್ತು, ಬಿಳಿಯ ಶಿಲೀಂಧ್ರ ನೂಲಿನಂತೆ ಹಬ್ಬಿತ್ತು. ಅದರ ಪಕ್ಕದ ಮಣ್ಣು ತೊಳೆದ ಹಾಗೆ ನುಣುಪಾಗಿತ್ತು. ಅಲ್ಲಿಂದ ಕೆಳಬಾಯಿಯ ಕಡೆಗೆ ತೋಳು ತೂರುವಷ್ಟು ಒಂದು ಬಿಲ. ಬಿಲದ ಬಾಯಲ್ಲಿ ಏಡಿ ಅಗೆದು ಹಾಕಿದ ಮಣ್ಣಿನ ಉಂಡೆಗಳು ಇನ್ನೂ ಹಸಿಯಾಗಿದ್ದವು. ಏರಿ ತುಂಬಿಸಿದವರು ಅಲ್ಲೇ ಬಿದ್ದಿದ್ದ ಬೊಡ್ಡೆ, ಕೊಂಬೆ, ಮೇಲ್ಮಣ್ಣು ಎಲ್ಲವನ್ನೂ ಒಟ್ಟಿಗೆ ತಳ್ಳಿ ಮುಚ್ಚಿದ್ದರು. ಮರ ಕೊಳೆತಾಗ ಟೊಳ್ಳಾಯಿತು, ಏಡಿ ದಾರಿ ಮಾಡಿತು, ನೀರು ಪೈಪಿನ ಒಳಗೂ ಹರಿಯಿತು, ಹೊರಗೂ ಹರಿಯಿತು.

ಇದರ ಲಕ್ಷಣ ಮೊದಲೇ ಕಾಣುತ್ತದೆ. ಬೇಸಿಗೆಯಲ್ಲಿ ರಸ್ತೆಯ ನಡುವೆ ತಟ್ಟೆಯಷ್ಟು ಅಗಲದ ತಗ್ಗು ಬೀಳುತ್ತದೆ, ಮಣ್ಣು ಹಾಕಿದರೂ ಮತ್ತೆ ಬೀಳುತ್ತದೆ. ಮಳೆಗಾಲದಲ್ಲಿ ಕೆಳಬಾಯಿಯ ಪಕ್ಕದಿಂದ, ಪೈಪಿನ ಹೊರಗಿನಿಂದ, ಕೆಂಪು ನೀರು ಜಿನುಗುತ್ತದೆ. ಪೈಪಿನ ನೀರು ತಿಳಿ, ಪಕ್ಕದ ನೀರು ಕೆಂಪು ಎಂದರೆ ಏರಿ ಕರಗುತ್ತಿದೆ. ಮೇಲಿಂದ ಮಣ್ಣು ತುಂಬಿದರೆ ಇದು ವಾಸಿಯಾಗುವುದಿಲ್ಲ, ಪೂರ್ತಿ ತೆಗೆದೇ ಕಟ್ಟಬೇಕು. ಬೇರು, ಎಲೆ, ಮರದ ಚೂರು ಇಲ್ಲದ ಗರಸು ಮಣ್ಣನ್ನು ಪೈಪಿನ ಎರಡೂ ಬದಿಗೆ ಒಂದು ಗೇಣಿನ ಪದರದಂತೆ ಸಮಸಮವಾಗಿ ಹಾಕಿ, ಪ್ರತಿ ಪದರಕ್ಕೂ ದಮ್ಮಸು ಹೊಡೆಯಬೇಕು. ಪೈಪಿನ ಹೊಟ್ಟೆಯ ಕೆಳಗಿನ ಮೂಲೆಗೆ ಯಂತ್ರ ಮುಟ್ಟುವುದಿಲ್ಲ, ಅಲ್ಲಿ ಕೈಯಿಂದಲೇ ತುಂಬಿ ಗಟ್ಟಿ ಮಾಡಬೇಕು. ಮೇಲ್ಬಾಯಿಗೆ ಗೋಡೆ ಕಟ್ಟಿ ಅದರ ಬುಡವನ್ನು ತೊರೆಯ ತಳಕ್ಕಿಂತ ಆಳಕ್ಕಿಳಿಸಿದರೆ ನೀರಿಗೆ ಪಕ್ಕದ ದಾರಿ ಸಿಗುವುದಿಲ್ಲ. ಪೈಪಿನ ನೆತ್ತಿಯ ಮೇಲೆ ಎರಡು ಅಡಿ ಮಣ್ಣಿರಲಿ.

ಕೆಳಬಾಯಿ ಗಾಳಿಯಲ್ಲಿ ಚಾಚಿಕೊಂಡಿದ್ದರೆ

ಕೆಳಬಾಯಿಯ ಕೆಳಗೆ ಗುಂಡಿ ಬಿದ್ದು, ನೀರು ಸಣ್ಣ ಜಲಪಾತದಂತೆ ಧುಮುಕುತ್ತಿದ್ದರೆ ಪೈಪಿನೊಳಗೆ ನೀರಿನ ವೇಗ ತೊರೆಯ ವೇಗಕ್ಕಿಂತ ತುಂಬಾ ಹೆಚ್ಚಿದೆ ಎಂದರ್ಥ. ಅಗಲವಾದ ತೊರೆಯನ್ನು ಕಿರಿದಾದ ಪೈಪಿಗೆ ತುರುಕಿದರೆ ಹೀಗೇ ಆಗುವುದು. ಗುಂಡಿ ಬೆಳೆದಂತೆ ಕೊನೆಯ ಪೈಪಿನ ಬುಡ ಕಳಚುತ್ತದೆ, ಅದು ಬಿದ್ದ ಮೇಲೆ ಮುಂದಿನದರ ಸರದಿ. ದೊಡ್ಡ ಕಾಡುಗಲ್ಲುಗಳನ್ನು ಗುಂಡಿಗೆ ತುಂಬಿ ಹಾಸಿದರೆ ಕೆಲವು ವರ್ಷ ತಡೆಯಬಹುದು. ತಲೆಗಾತ್ರದ ಕಲ್ಲು ಮೊದಲ ನೆರೆಗೇ ತೇಲಿಹೋಗುತ್ತದೆ, ಇಬ್ಬರು ಸೇರಿ ಉರುಳಿಸಬೇಕಾದ ಕಲ್ಲೇ ಬೇಕು. ಶಾಶ್ವತ ಪರಿಹಾರ ಅಗಲವಾದ ಕಿಂಡಿ ಮಾತ್ರ.

ಮುಂಗಾರಿನ ಮೊದಲ ನೀರಿಗೆ ಮೀನು ಮೇಲಕ್ಕೆ ಹತ್ತುವುದನ್ನು ಮಲೆನಾಡಿನಲ್ಲಿ ಹುಟ್ಟಿದ ಯಾರೂ ಮರೆತಿರಲಾರರು. ಒಂದು ಅಡಿ ಎತ್ತರಕ್ಕೆ ನಿಂತ ಪೈಪಿನ ಬಾಯಿ ಚಿಕ್ಕ ಮೀನುಗಳಿಗೆ ಮುಚ್ಚಿದ ಬಾಗಿಲು. ಒಂದು ಮೋರಿಯಿಂದ ಇಡೀ ಕೊಲ್ಲಿಯ ಮೇಲ್ಭಾಗ ಬರಿದಾಗುತ್ತದೆ. ರಸ್ತೆಗೆ ಏನೂ ಆಗದಿದ್ದರೂ ಇದನ್ನು ದೋಷವೆಂದೇ ಬರೆದುಕೊಳ್ಳಿ. ಹೊಸದಾಗಿ ಕೂರಿಸುವಾಗ ಪೈಪಿನ ತಳವನ್ನು ತೊರೆಯ ತಳಕ್ಕಿಂತ ಕೆಳಗೆ, ಪೈಪಿನ ಎತ್ತರದ ಸುಮಾರು ಐದನೇ ಒಂದು ಭಾಗದಷ್ಟು ಹೂತರೆ ಒಳಗೆ ಕಲ್ಲು ಮರಳು ನಿಂತು ತೊರೆಯ ತಳ ಮುಂದುವರಿಯುತ್ತದೆ. ಹೂತಷ್ಟು ಜಾಗ ನೀರಿಗೆ ಕಡಿಮೆಯಾಗುತ್ತದೆ, ಆದ್ದರಿಂದ ಪೈಪು ಅಷ್ಟು ದೊಡ್ಡದಿರಬೇಕು.

ಪೈಪಿನ ತುಂಬ ಮರಳು ನಿಂತಿದ್ದರೆ ತೊರೆಗಿಂತ ಪೈಪಿನ ಇಳಿಜಾರು ಕಡಿಮೆಯಿದೆ. ಪೈಪು ಒಡೆದಿದ್ದರೆ ಮೇಲಿನ ಮಣ್ಣು ಸಾಲದು ಅಥವಾ ಪೈಪಿನ ದರ್ಜೆ ಸಾಲದು. ಲಾರಿ ಓಡುವ ರಸ್ತೆಗೆ ಎನ್‌ಪಿ3 ದರ್ಜೆಗಿಂತ ಕಡಿಮೆಯ ಸಿಮೆಂಟ್ ಪೈಪು ಬೇಡ.

ಗಾತ್ರದ ಲೆಕ್ಕ

ಮೇಲಿನ ಯಾವುದೂ ಅಲ್ಲ, ನೀರು ನಿಜಕ್ಕೂ ಹಿಡಿಸಲಿಲ್ಲ ಎಂದಾದರೆ ಆಗ ಗಾತ್ರಕ್ಕೆ ಬನ್ನಿ. ಕೊಡಗಿನ ಬೆಳೆಗಾರರಿಗೆ ಈ ಲೆಕ್ಕ ಬಹಳ ಸುಲಭ, ಏಕೆಂದರೆ ನಮ್ಮಲ್ಲಿ ಮಳೆಯನ್ನು ಇಂಚು ಸೆಂಟಿನಲ್ಲಿ (ಇಂಚಿನ ನೂರನೇ ಒಂದು ಭಾಗ ಒಂದು ಸೆಂಟು), ಭೂಮಿಯನ್ನು ಎಕರೆಯಲ್ಲಿ ಅಳೆಯುತ್ತೇವೆ. ತೊರೆಗೆ ನೀರು ಕೊಡುವ ಭೂಮಿಯ ಎಕರೆಯನ್ನು ಗಂಟೆಗೆ ಬೀಳುವ ಇಂಚಿನಿಂದ ಗುಣಿಸಿ, ಅದರಲ್ಲಿ ಹರಿದುಬರುವ ಪಾಲಿನಿಂದ ಗುಣಿಸಿದರೆ ಬರುವುದೇ ಕ್ಯೂಸೆಕ್, ಅಂದರೆ ಸೆಕೆಂಡಿಗೆ ಇಷ್ಟು ಘನ ಅಡಿ ನೀರು.

ನೂರು ಎಕರೆಯ ಕೊಲ್ಲಿ ಎಂದುಕೊಳ್ಳಿ. ಗಂಟೆಗೆ 3 ಇಂಚಿನ ಬಿರುಸು. ಕಾಡಿನ ನೆಲ ಒಣಗಿದ್ದಾಗ ಹೆಚ್ಚಿನ ನೀರನ್ನು ಕುಡಿಯುತ್ತದೆ, ಪಾಲು 0.4 ಎಂದರೆ 120 ಕ್ಯೂಸೆಕ್. ಆದರೆ ಕಕ್ಕಡದ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕೊಡವ ತಿಂಗಳು) ಹೊತ್ತಿಗೆ ನೆಲ ಕುಡಿದು ಕುಡಿದು ತುಂಬಿರುತ್ತದೆ. ನಾನು 0.6 ಹಿಡಿಯುತ್ತೇನೆ, 180 ಕ್ಯೂಸೆಕ್. ನೀರು ನೆತ್ತಿಯ ಮಟ್ಟಕ್ಕೆ ಬಂದಾಗ 60 ಸೆಂಟಿಮೀಟರಿನ ಪೈಪು ಸುಮಾರು 12, 90ರದ್ದು ಸುಮಾರು 33, 120ರದ್ದು ಸುಮಾರು 68 ಕ್ಯೂಸೆಕ್ ಸಾಗಿಸುತ್ತದೆ. ಎರಡು 60ರ ಪೈಪು ಸೇರಿದರೂ ಒಂದು 90ಕ್ಕೆ ಸಮವಾಗುವುದಿಲ್ಲ ಎಂಬುದನ್ನು ಗಮನಿಸಿ. ‘ಒಂದು ಸಾಲಲಿಲ್ಲ, ಪಕ್ಕದಲ್ಲಿ ಇನ್ನೊಂದು ಹಾಕಿ’ ಎಂಬ ಸಲಹೆ ಇಲ್ಲೇ ಸೋಲುತ್ತದೆ. ಅದಲ್ಲದೆ ಎರಡು ಪೈಪುಗಳ ನಡುವಿನ ಗೋಡೆಯೇ ಕೊಂಬೆಗೆ ಕೊಕ್ಕೆಯಾಗುತ್ತದೆ. 180 ಕ್ಯೂಸೆಕ್‌ಗೆ 90ರ ಪೈಪು ಆರು ಬೇಕು. ಅದರ ಬದಲು ಎರಡೂವರೆ ಮೀಟರ್ ಅಗಲ, 1.2 ಮೀಟರ್ ಎತ್ತರದ ಒಂದೇ ಕಿಂಡಿಯ ಸ್ಲ್ಯಾಬ್ ಮೋರಿ (ಎರಡು ಗೋಡೆಯ ಮೇಲೆ ಕಾಂಕ್ರೀಟ್ ಹಾಸು) ಅಷ್ಟು ನೀರನ್ನು ಬಿಡುತ್ತದೆ, ಕೊಂಬೆಯನ್ನೂ ಬಿಡುತ್ತದೆ.

ಲೆಕ್ಕಕ್ಕಿಂತ ನಾನು ಹೆಚ್ಚು ನಂಬುವುದು ತೊರೆಯ ಅಗಲವನ್ನು. ಮೋರಿಯ ಪ್ರಭಾವವಿಲ್ಲದಷ್ಟು ಮೇಲೆ ಹೋಗಿ, ದಂಡೆ ತುಂಬಿ ಹರಿಯುವ ಅಗಲವನ್ನು ಹತ್ತು ಕಡೆ ಅಳೆದು ಸರಾಸರಿ ತೆಗೆಯಿರಿ. ಕಿಂಡಿ ಅದಕ್ಕಿಂತ ಕಿರಿದಾಗಬಾರದು. ಭಾಗಮಂಡಲದ ಮಳೆಗೂ ಕುಶಾಲನಗರದ ಮಳೆಗೂ ಅಜಗಜಾಂತರ, ಆದರೂ ಎರಡೂ ಕಡೆಗೆ ಒಂದೇ ನಕ್ಷೆಯ ಮೋರಿ ಹಾಕಿದ್ದನ್ನು ಕಂಡಿದ್ದೇನೆ. ತೊರೆ ತನ್ನ ಅಗಲವನ್ನು ಅಲ್ಲಿನ ಮಳೆ ನೋಡಿಯೇ ಕೊರೆದುಕೊಂಡಿರುತ್ತದೆ.

ವರ್ಷಕ್ಕೆ ಕೆಲವೇ ಸಲ ಜೀಪು ಓಡುವ ಕೂಪು ರಸ್ತೆಗಳಲ್ಲಿ (ಕಡಿದ ಮರ ಸಾಗಿಸಲು ಮಾಡಿದ ಕಾಡುರಸ್ತೆ) ಮೋರಿಯನ್ನೇ ತೆಗೆದು, ಗಟ್ಟಿ ತಳವಿರುವ ಕಡೆ ಕಲ್ಲು ಹಾಸಿ ನೀರಿನಲ್ಲೇ ದಾಟುವಂತೆ ಮಾಡುವುದು ಒಳ್ಳೆಯದು. ಎರಡೂ ದಂಡೆಯ ಇಳಿಜಾರಿಗೂ ಕಲ್ಲು ಹಾಸದಿದ್ದರೆ ಚಕ್ರ ಅಗೆದ ಕೆಸರೆಲ್ಲ ತೊರೆಗೆ ಸೇರುತ್ತದೆ. ಪುಷ್ಪಗಿರಿ, ತಲಕಾವೇರಿ, ಬ್ರಹ್ಮಗಿರಿ ಅಭಯಾರಣ್ಯಗಳಲ್ಲಿ, ನಾಗರಹೊಳೆಯಲ್ಲಿ ತೊರೆಯ ಹರಿವನ್ನು ತಿರುಗಿಸುವ, ತಡೆಯುವ ಕೆಲಸಕ್ಕೆ 1972ರ ವನ್ಯಜೀವಿ ಕಾಯ್ದೆಯಂತೆ ಅನುಮತಿ ಬೇಕು. ತುರ್ತು ಎಂಬ ಕಾರಣಕ್ಕೆ ಅದನ್ನು ಬಿಡಬೇಡಿ.

ಹೊಸ ಮೋರಿ ಕಟ್ಟಿದ ಮೇಲೆ ಮೇಲ್ಬಾಯಿಯ ಗೋಡೆಗೆ ಬಣ್ಣದಲ್ಲಿ ಮೂರು ಗೆರೆ ಎಳೆಯಿರಿ: ಕಿಂಡಿಯ ಎತ್ತರದ ಮೂರನೇ ಒಂದಕ್ಕೆ, ಮೂರನೇ ಎರಡಕ್ಕೆ, ನೆತ್ತಿಗೆ. ಜೋರು ಮಳೆಯ ದಿನ ಕೊಡೆ ಹಿಡಿದು ಹೋಗಿ ನೀರು ಎಲ್ಲಿದೆ ಎಂದು ನೋಡಿ, ಹತ್ತಿರದ ತೋಟದ ಮಳೆಮಾಪಕದ ಅಂಕಿಯ ಜೊತೆ ಬರೆದಿಡಿ. ಗಾಳಿಬೀಡಿನ ಆ ತೋಡಿಗೆ ಈಗ ಎರಡು ಮೀಟರ್ ಅಗಲದ ಸ್ಲ್ಯಾಬ್ ಇದೆ. ಕಳೆದ ಪುಷ್ಯ ಮಳೆಯಲ್ಲಿ ಒಂದೇ ದಿನಕ್ಕೆ 6 ಇಂಚು 40 ಸೆಂಟು ಬಿದ್ದಾಗ ವಾಚರ್ ಅಲ್ಲಿಂದ ಫೋನ್ ಮಾಡಿದರು: ‘ನೀರು ನಡುವಿನ ಗೆರೆಯ ಹತ್ತಿರ ಇದೆ ಸಾರ್. ಪಕ್ಕದಿಂದ ಕೆಂಪು ನೀರು ಬರುತ್ತಿಲ್ಲ.’